ಹಳೆಯ ಕ್ಯಾಟಮರಾನ್ ಹಾಯಿದೋಣಿ: ಎಲ್ಲಿ ನಿಲ್ಲಿಸೋದು, ಎಷ್ಟು ರಿಪೇರಿ ಮಾಡೋದು?

ಸರೋವರದ ದಂಡೆಯಲ್ಲಿ ಮನೆ. ಶೆಡ್ಡಿನ ಪಕ್ಕ ಎಷ್ಟೋ ವರ್ಷದಿಂದ ಬಿದ್ದಿರುವ ಒಂದು ಹಳೆಯ ಕ್ಯಾಟಮರಾನ್, ಅಂದರೆ ಎರಡು ಒಡಲಿನ ಹಾಯಿದೋಣಿ. ಅದನ್ನು ಮತ್ತೆ ನೀರಿಗಿಳಿಸಬೇಕು ಅನ್ನುವ ಆಸೆ ಹುಟ್ಟಿದವರು ಮೊದಲು ಕೇಳುವುದು ‘ಯಾವ ಪೇಂಟ್ ಹೊಡೆಯಲಿ?’ ಅಂತ. ಪೇಂಟಿನ ಮಾತು ಆಮೇಲೆ. ಓಡಿಸದೇ ಇರುವ ಹೊತ್ತಿನಲ್ಲಿ ದೋಣಿ ಎಲ್ಲಿರುತ್ತದೆ ಅನ್ನುವುದು ಮೊದಲು ತೀರ್ಮಾನ ಆಗಬೇಕು. ದಂಡೆಯ ಹುಲ್ಲಿನ ಮೇಲಾ, ಜೆಟ್ಟಿಯ ಪಕ್ಕದಲ್ಲಾ, ತೇಲುವ ಪ್ಲಾಟ್‌ಫಾರ್ಮ್ ಮೇಲಾ, ಇಲ್ಲ ನೀರಿನ ನಡುವೆ ಬೋಯ್‌ಗೆ (ತಳದ ಲಂಗರಿಗೆ ಕಟ್ಟಿದ ತೇಲು ಬುರುಡೆಗೆ) ಕಟ್ಟಿಯಾ?

ಉಳಿದ ಕೆಲಸವೂ ಖರ್ಚೂ ಇದರ ಮೇಲೇ ನಿಂತಿವೆ. ದಿನಕ್ಕೆ ಎರಡು ಮೂರು ಗಂಟೆ ಮಾತ್ರ ನೀರಿನಲ್ಲಿರುವ ದೋಣಿಯಲ್ಲಿ ಒಂದು ಸಣ್ಣ ಸೋರಿಕೆ ಇದ್ದರೆ ದೊಡ್ಡ ವಿಷಯವೇ ಅಲ್ಲ. ದಂಡೆಗೆ ಬಂದ ಮೇಲೆ ಬಿರಡೆ ತೆಗೆದು ನೀರು ಬಸಿದರಾಯಿತು. ಅದೇ ಸೋರಿಕೆ ಬೋಯ್‌ಗೆ ಕಟ್ಟಿದ ದೋಣಿಯಲ್ಲಿದ್ದರೆ, ವಾರ ಕಳೆದು ಬರುವಷ್ಟರಲ್ಲಿ ಒಂದು ಪಕ್ಕ ಮುಳುಗಿರುತ್ತದೆ. ಬಣ್ಣ, ತಳದ ಪದರ, ಹಗ್ಗ ಎಲ್ಲದರ ಲೆಕ್ಕವೂ ಹೀಗೇ ಬದಲಾಗುತ್ತದೆ. ಆದ್ದರಿಂದ ಜಾಗ ಮೊದಲು, ರಿಪೇರಿ ಆಮೇಲೆ.

ನನ್ನ ಒಲವು ಯಾವ ಕಡೆ ಅನ್ನುವುದನ್ನೂ ಈಗಲೇ ಹೇಳಿಬಿಡುತ್ತೇನೆ. ಹಳೆಯ, ಹಗುರ ಕ್ಯಾಟಮರಾನ್ ಆದರೆ ನೀರಿನಿಂದ ಮೇಲೆ, ದಂಡೆಯಲ್ಲಿ ಇಡುವುದೇ ಒಳ್ಳೆಯದು. ಬೇರೆ ಆಯ್ಕೆಗಳು ಅದು ಸಾಧ್ಯವೇ ಇಲ್ಲದ ಜಾಗಗಳಿಗೆ.

ನಿಮ್ಮ ಹತ್ತಿರ ಇರುವುದು ಯಾವ ದೋಣಿ?

ಸರೋವರದ ಮನೆಗಳಲ್ಲಿ ಸಿಗುವ ಹಳೆಯ ಕ್ಯಾಟಮರಾನ್‌ಗಳು ಬಹುತೇಕ ‘ಬೀಚ್ ಕ್ಯಾಟ್’ ಜಾತಿಯವು. ಎರಡು ತೆಳ್ಳನೆಯ ಒಡಲು, ನಡುವೆ ಅಲ್ಯುಮಿನಿಯಂ ಅಡ್ಡಪಟ್ಟಿ, ಅದರ ಮೇಲೆ ಬಿಗಿದ ಟ್ರ್ಯಾಂಪೊಲಿನ್ ಬಟ್ಟೆ. ಇವುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವುದು ಹೋಬಿ 16. ಕ್ಯಾಲಿಫೋರ್ನಿಯಾದಲ್ಲಿ ಸರ್ಫ್ ಬೋರ್ಡ್ ಮಾಡುತ್ತಿದ್ದ ಹೋಬಿ ಆಲ್ಟರ್ 1970ರ ಆಸುಪಾಸಿನಲ್ಲಿ ಇದನ್ನು ಮಾರುಕಟ್ಟೆಗೆ ತಂದರು. ಈವರೆಗೆ 1 ಲಕ್ಷಕ್ಕೂ ಹೆಚ್ಚು ದೋಣಿಗಳು ತಯಾರಾಗಿವೆ. ಸುಮಾರು 5 ಮೀಟರ್ ಉದ್ದ, 2.4 ಮೀಟರ್ ಅಗಲ, ತೂಕ 145 ಕೆಜಿಯಷ್ಟು. ದೋಣಿ ಪಕ್ಕಕ್ಕೆ ಜಾರದಂತೆ ಕೆಳಗೆ ಚಾಚಿಕೊಳ್ಳುವ ಹಲಗೆ ಇಲ್ಲ. ಒಡಲಿನ ಒಂದು ಪಕ್ಕ ಜಾಸ್ತಿ ಬಾಗಿದ್ದು ಇನ್ನೊಂದು ಪಕ್ಕ ಚಪ್ಪಟೆಯಾಗಿರುವುದರಿಂದ, ಹಲಗೆಯ ಕೆಲಸವನ್ನು ಆ ಆಕಾರವೇ ಮಾಡುತ್ತದೆ. ಚುಕ್ಕಾಣಿಗಳು ನೆಲಕ್ಕೆ ತಾಗಿದರೆ ತಾವಾಗಿಯೇ ಮೇಲೇಳುತ್ತವೆ. ಅಂದರೆ ಇದು ಮರಳಿನಿಂದ ಅಲೆಗೆ ನೂಕಿ, ಮತ್ತೆ ಮರಳಿನ ಮೇಲಕ್ಕೇ ಬರಲು ಹುಟ್ಟಿದ ದೋಣಿ. ತಿಂಗಳುಗಟ್ಟಲೆ ನೀರಿನಲ್ಲಿ ನಿಲ್ಲಲಿ ಅಂತ ಯಾರೂ ಇದನ್ನು ಮಾಡಲಿಲ್ಲ. ನಿಲ್ಲಿಸುವ ಜಾಗ ಆರಿಸುವಾಗ ಇದು ನೆನಪಿರಲಿ.

ಪ್ರಿಂಡಲ್ 16 ಇದೇ ಬಗೆಯದು. ಡಾರ್ಟ್ 18ಕ್ಕೂ ಹಲಗೆ ಇಲ್ಲ, ತಳದಲ್ಲೇ ಒಂದು ಸಣ್ಣ ಏಣು ಇದೆ. ನಾಕ್ರಾ 5.2 ತರದವಕ್ಕೆ ಮೇಲಿನಿಂದ ಕೆಳಕ್ಕೆ ತೂರಿಸುವ ಹಲಗೆಗಳಿರುತ್ತವೆ. ಗಾಳಿಗೆ ಎದುರಾಗಿ ಹತ್ತುವಾಗ ಅವು ಚೆನ್ನ. ಆದರೆ ಹಲಗೆ ಕೂರುವ ಗೂಡು ಹಳೆಯದಾದ ಮೇಲೆ ಸೋರುವ ಜಾಗವೂ ಅದೇ. ಟೊರ್ನೇಡೊ ಸಿಕ್ಕಿದ್ದರೆ ನೀವು ಪುಣ್ಯವಂತರು. 1976ರಿಂದ 2008ರ ತನಕ ಒಲಿಂಪಿಕ್ಸ್‌ನಲ್ಲಿ ಓಡಿದ ದೋಣಿ ಅದು. ಆದರೆ 3 ಮೀಟರ್ ಅಗಲ ಇದೆ. ಅದನ್ನು ಹುಲ್ಲಿನ ಮೇಲೆ ಒಬ್ಬರೇ ಎಳೆದಾಡುವ ಯೋಚನೆ ಬಿಡಿ.

ಇನ್ನೊಂದು ಜಾತಿಯೇ ಬೇರೆ. ಹೋಬಿ ವೇವ್ ತರದ, ಅಚ್ಚಿನಲ್ಲಿ ಎರಕ ಹೊಯ್ದ ಪಾಲಿಥಿಲೀನ್ ದೋಣಿಗಳು. ಕಲ್ಲಿಗೆ ಉಜ್ಜಿದರೂ ಸಹಿಸುತ್ತವೆ, ಪದರ ಬಿಡುವ ಕಾಯಿಲೆ ಇಲ್ಲ. ಬಿರುಕು ಬಿಟ್ಟರೆ ಮಾತ್ರ ತಲೆನೋವು. ಎಪಾಕ್ಸಿಯಾಗಲಿ (ಎರಡು ದ್ರವ ಕಲಸಿ ಗಟ್ಟಿಯಾಗಿಸುವ ಅಂಟು) ಮಾಮೂಲಿ ಪೇಂಟ್ ಆಗಲಿ ಆ ಪ್ಲಾಸ್ಟಿಕ್‌ಗೆ ಸರಿಯಾಗಿ ಅಂಟುವುದಿಲ್ಲ. ಅದೇ ಪ್ಲಾಸ್ಟಿಕ್ಕಿನ ಕಡ್ಡಿ ಕರಗಿಸಿ ಬೆಸುಗೆ ಹಾಕಬೇಕು. ಈ ದೋಣಿ ನಿಮ್ಮದಾದರೆ ಮುಂದಿನ ಭಾಗವನ್ನು ದಾಟಿ ನಿಲ್ಲಿಸುವ ಜಾಗದ ವಿಷಯಕ್ಕೆ ಹೋಗಬಹುದು.

ಒಡಲು ಗಟ್ಟಿ ಇದೆಯಾ, ಮೆತ್ತಗಾಗಿದೆಯಾ?

ಫೈಬರ್ ದೋಣಿಯ ಒಡಲು ಒಂದೇ ದಪ್ಪ ಹಾಳೆಯಲ್ಲ. ಹೊರಗೊಂದು ತೆಳು ಫೈಬರ್ ಪದರ, ಒಳಗೊಂದು, ನಡುವೆ ಫೋಮ್. ಮೂರೂ ಅಂಟಿಕೊಂಡಿರುವ ತನಕ ಕಲ್ಲಿನಷ್ಟು ಗಟ್ಟಿ. ಬಿಸಿಲು, ನೀರು, ಮೇಲೆ ಕೂತವರ ಭಾರ ಸೇರಿ ಆ ಅಂಟು ಬಿಟ್ಟರೆ ಪದರ ಬೇರೆಯಾಗುತ್ತದೆ. ಹಳೆಯ ಬೀಚ್ ಕ್ಯಾಟ್‌ಗಳು ಸಾಯುವುದು ಜಾಸ್ತಿ ಇದರಿಂದಲೇ.

ಪರೀಕ್ಷೆ ಸುಲಭ. ಹೆಬ್ಬೆರಳಿನಿಂದ ಮೇಲ್ಮೈಯ ಉದ್ದಕ್ಕೂ ಒತ್ತುತ್ತಾ ಹೋಗಿ. ಮುಂದಿನ ಅಡ್ಡಪಟ್ಟಿಗಿಂತ ಮುಂದಿರುವ ಜಾಗವನ್ನು ನಿಧಾನವಾಗಿ ನೋಡಿ. ಅಡ್ಡಪಟ್ಟಿಯನ್ನು ಹೊತ್ತಿರುವ ಗಿಡ್ಡ ಕಂಬ ಒಡಲಿಗೆ ಇಳಿಯುವ ಕಡೆ ಇನ್ನೂ ನಿಧಾನವಾಗಿ. ಒತ್ತಿದರೆ ಒಳಕ್ಕೆ ಹೋಗಿ ಮತ್ತೆ ಎದ್ದರೆ ಅಲ್ಲಿ ಪದರ ಬಿಟ್ಟಿದೆ. ನಾಣ್ಯದಿಂದ ತಟ್ಟಿ ನೋಡಿದರೂ ಗೊತ್ತಾಗುತ್ತದೆ. ಗಟ್ಟಿ ಜಾಗದಲ್ಲಿ ‘ಟಕ್’ ಅಂತ ಚುರುಕಾದ ಸದ್ದು, ಬಿಟ್ಟ ಜಾಗದಲ್ಲಿ ‘ಡಬ್’ ಅಂತ ಸತ್ತ ಸದ್ದು. ಸದ್ದು ಬದಲಾಗುವ ಗಡಿಯನ್ನು ಪೆನ್ಸಿಲ್‌ನಿಂದ ಗುರುತು ಹಾಕಿ. ನೋಡಲು ಅಂಗೈಯಷ್ಟು ಅನ್ನಿಸಿದ್ದು ಗೆರೆ ಎಳೆದ ಮೇಲೆ ಎರಡು ಮೂರು ಪಟ್ಟು ದೊಡ್ಡದಾಗುವುದು ಸಾಮಾನ್ಯ.

ಈಗ ಮುಂದಿರುವ ದಾರಿ ಮೂರು. ಎಪಾಕ್ಸಿ ಚುಚ್ಚುವುದು, ಕತ್ತರಿಸಿ ಹೊಸದಾಗಿ ಕಟ್ಟುವುದು, ಬೇರೆ ಒಡಲು ಹುಡುಕುವುದು.

ಮೆತ್ತಗಾದ ಜಾಗ ಮೇಲ್ಮೈಯಲ್ಲಿದ್ದು, ಅಡ್ಡಪಟ್ಟಿಯ ಕಂಬಕ್ಕೆ ತಾಗಿಲ್ಲದಿದ್ದರೆ ಚುಚ್ಚುವುದೇ ಸರಿ. ಅಗ್ಗ, ಮನೆಯಲ್ಲೇ ಆಗುತ್ತದೆ, ಚೆನ್ನಾಗಿ ಮಾಡಿದರೆ ಬಹುಕಾಲ ನಿಲ್ಲುತ್ತದೆ. ಗುರುತು ಹಾಕಿದ ಜಾಗದ ತುಂಬ 2-3 ಸೆಂಟಿಮೀಟರ್ ಅಂತರದಲ್ಲಿ 3 ಮಿಲಿಮೀಟರ್ ತೂತು ಕೊರೆಯಬೇಕು. ಹೊರಗಿನ ಪದರ ಮಾತ್ರ ತೂತಾಗಬೇಕು, ಒಳಗಿನದು ಅಲ್ಲ. ಡ್ರಿಲ್ಲಿನ ಮೊನೆಗೆ ಟೇಪ್ ಸುತ್ತಿ ಆಳ ಗುರುತು ಮಾಡಿಕೊಂಡರೆ ಕೈ ತಪ್ಪುವುದಿಲ್ಲ. ತೂತಿನಿಂದ ನೀರು ಜಿನುಗಿದರೆ ಅಲ್ಲಿಗೇ ನಿಲ್ಲಿಸಿ. ಮಳೆ ತಾಗದಂತೆ, ಗಾಳಿ ಆಡುವಂತೆ ಇಟ್ಟು ಪೂರ್ತಿ ಒಣಗಲು ಬಿಡಿ. ಈ ಕಾಯುವ ಕೆಲಸವೇ ಎಲ್ಲಕ್ಕಿಂತ ಕಷ್ಟ, ಆದರೆ ಒದ್ದೆ ಫೋಮ್‌ಗೆ ಎಪಾಕ್ಸಿ ಹಿಡಿಯುವುದಿಲ್ಲ.

ಒಣಗಿದ ಮೇಲೆ ತೆಳುವಾದ ಎಪಾಕ್ಸಿಯನ್ನು ಸಿರಿಂಜ್‌ನಲ್ಲಿ ತುಂಬಿ ಒಂದು ತೂತಿಗೆ ಒತ್ತಿ. ಸ್ವಲ್ಪ ಹೊತ್ತಿಗೆ ಪಕ್ಕದ ತೂತಿನಲ್ಲಿ ಹನಿ ಮೇಲೇಳುತ್ತದೆ. ಅದು ಕಂಡ ಕೂಡಲೇ ಮೊದಲ ತೂತಿಗೆ ಟೇಪ್ ಅಂಟಿಸಿ ಪಕ್ಕದ್ದಕ್ಕೆ ಹೋಗಿ. ಹೀಗೆ ತಗ್ಗಿನ ಕಡೆಯಿಂದ ಎತ್ತರದ ಕಡೆಗೆ ಸಾಗಿದರೆ ಒಳಗಿನ ಗಾಳಿ ಮುಂದೆ ಮುಂದೆ ಓಡಿ ಹೊರಗೆ ಹೋಗುತ್ತದೆ. ನಿಧಾನವಾಗಿ ಗಟ್ಟಿಯಾಗಿಸುವ ಹಾರ್ಡನರ್ (ಎಪಾಕ್ಸಿಗೆ ಬೆರೆಸುವ ಎರಡನೆಯ ದ್ರವ) ಬಳಸಿ. ಒಂದೇ ಸಲ ಲೋಟ ತುಂಬ ಕಲಸಬೇಡಿ. ಎಪಾಕ್ಸಿ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ. ಜಾಸ್ತಿ ಪ್ರಮಾಣ ಒಂದೇ ಕಡೆ ಇದ್ದರೆ ಲೋಟವೇ ಹೊಗೆಯಾಡುವಷ್ಟು ಕಾಯುತ್ತದೆ. ಗಟ್ಟಿಯಾದ ಮೇಲೆ ಮೇಲ್ಮೈಯಲ್ಲಿ ಜಿಡ್ಡಿನಂಥ ಪೊರೆ ಕಾಣಬಹುದು. ಅದನ್ನು ನೀರಿನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಉಜ್ಜಿ ತೆಗೆದ ಮೇಲೇ ಮರಳು ಕಾಗದ ಹಿಡಿಯಿರಿ. ಕೈಗೆ ಗ್ಲೌಸ್, ಮುಖಕ್ಕೆ ಒಳ್ಳೆಯ ಮಾಸ್ಕ್ ಬೇಕೇ ಬೇಕು. ಫೈಬರ್ ಧೂಳು ಶ್ವಾಸಕೋಶಕ್ಕೂ ಚರ್ಮಕ್ಕೂ ಒಳ್ಳೆಯದಲ್ಲ.

ಹೊರಪದರವೇ ಒಡೆದಿದ್ದರೆ, ಫೋಮ್ ಪುಡಿಯಾಗಿದ್ದರೆ ಚುಚ್ಚಿ ಪ್ರಯೋಜನವಿಲ್ಲ. ಆ ಭಾಗವನ್ನು ಕತ್ತರಿಸಿ ತೆಗೆದು, ಹೊಸ ಫೋಮ್ ಕೂರಿಸಿ, ಮೇಲೆ ಫೈಬರ್ ಬಟ್ಟೆ ಹಾಸಬೇಕು. ಹಳೆಯ ಪದರದ ಅಂಚನ್ನು ಇಳಿಜಾರಾಗಿ ಉಜ್ಜಿಕೊಂಡು ಹೊಸದನ್ನು ಅದರ ಮೇಲೆ ಹತ್ತಿಸದಿದ್ದರೆ ಸೇರುವೆ ಒಂದೇ ಗಾಳಿಗೆ ಬಿಟ್ಟುಕೊಳ್ಳುತ್ತದೆ. ಕೆಲಸ ಜಾಸ್ತಿ, ಆದರೆ ಅಪರೂಪದ ದೋಣಿಯಾದರೆ ಮಾಡಲೇಬೇಕು.

ಅಡ್ಡಪಟ್ಟಿಯ ಕಂಬದ ಸುತ್ತ ಮೆತ್ತಗಾಗಿದ್ದರೆ ನನ್ನ ಸಲಹೆ ಬೇರೆ. ಹಾಯಿಯ ಬಲವೆಲ್ಲ ಒಡಲಿಗೆ ಇಳಿಯುವುದು ಆ ನಾಲ್ಕು ಮೂಲೆಗಳಲ್ಲಿ. ಅಲ್ಲಿ ತೇಪೆ ಹಾಕಿದ ದೋಣಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಸರೋವರದ ನಡುವೆ ಹೋಗುವುದು ಬೇಡ. ಹೋಬಿ 16 ತರದ ಹೆಚ್ಚು ಮಾರಾಟವಾದ ದೋಣಿಯಾದರೆ, ಹಾಯಿ ಹರಿದ ಅಥವಾ ಹಾಯಿಕಂಬ ಮುರಿದ ಇನ್ನೊಂದು ದೋಣಿ ಕಡಿಮೆ ಬೆಲೆಗೆ ಸಿಗುತ್ತದೆ. ಎರಡು ಸೇರಿಸಿ ಒಂದು ಒಳ್ಳೆಯ ದೋಣಿ ಮಾಡಿಕೊಳ್ಳುವುದು ಬೀಚ್ ಕ್ಯಾಟ್‌ನವರಲ್ಲಿ ರೂಢಿಯಲ್ಲಿರುವ ದಾರಿ, ಅದರಲ್ಲಿ ಸಂಕೋಚ ಪಡುವಂಥದ್ದು ಏನೂ ಇಲ್ಲ.

ಸೋರಿಕೆ ಹುಡುಕಲು ಸೋಪು ನೀರು ಸಾಕು. ಹಿಂದಿನ ಬಿರಡೆ ತೆಗೆದು ಆ ತೂತಿಗೆ ಒಂದು ಕೊಳವೆ ಸೇರಿಸಿ ಬಾಯಿಂದ ಊದಿ. ಒಡಲಿನಲ್ಲಿ ಗಾಳಿಯಾಡುವ ಸಣ್ಣ ತೂತು ಇದ್ದರೆ ಅದಕ್ಕೆ ಮೊದಲು ಟೇಪ್ ಹಾಕಿ. ಊದುತ್ತಿರುವಾಗ ಇನ್ನೊಬ್ಬರು ಮೇಲಿನ ಕೆಳಗಿನ ಭಾಗ ಸೇರುವ ಅಂಚಿಗೆ, ಕಂಬಗಳ ಬುಡಕ್ಕೆ, ಚುಕ್ಕಾಣಿಯ ಸ್ಕ್ರೂಗಳಿಗೆ ಸೋಪು ನೀರು ಸವರಬೇಕು. ಗುಳ್ಳೆ ಎದ್ದ ಕಡೆ ಸೋರಿಕೆ. ಕಂಪ್ರೆಸರ್ ಮಾತ್ರ ಹಚ್ಚಬೇಡಿ, ಒಳಗಿನ ಒತ್ತಡಕ್ಕೆ ಸೇರುವೆಯೇ ಬಾಯಿ ಬಿಡುತ್ತದೆ.

ದಂಡೆ, ಜೆಟ್ಟಿ, ಪ್ಲಾಟ್‌ಫಾರ್ಮ್, ಬೋಯ್

ದಂಡೆಯಲ್ಲಿ ಇಡಬೇಕಾದರೆ ಬೇಕಾದ್ದು ಸ್ವಲ್ಪ ಇಳಿಜಾರಾದ ಜಾಗ, ದಪ್ಪ ಬಲೂನ್ ಟೈರಿನ ಎರಡು ಚಕ್ರದ ಗಾಡಿ, ನೆಲಕ್ಕೆ ತಿರುಪಿ ಇಳಿಸುವ ಲಂಗರು. ಚಕ್ರವನ್ನು ದೋಣಿಯ ತೂಕ ಸರಿಯಾಗಿ ಹಂಚಿಹೋಗುವ ಕಡೆ ಕೂರಿಸಿದರೆ, ಒಬ್ಬರು ಮುಂದಿನ ತುದಿ ಎತ್ತಿ ಎಳೆಯಬಹುದು. ಮೆತ್ತನೆ ಮರಳಿನಲ್ಲಿ ತೆಳು ಟೈರ್ ಹೂತುಹೋಗುತ್ತದೆ, ಬಲೂನ್ ಟೈರ್ ತೇಲಿದ ಹಾಗೆ ಹೋಗುತ್ತದೆ. ದಂಡೆ ಕಡಿದಾಗಿದ್ದರೆ ಕೈಯಿಂದ ತಿರುಗಿಸುವ ವಿಂಚ್ ಒಂದನ್ನು ಗಟ್ಟಿ ಕಂಬಕ್ಕೆ ಹಾಕಿಕೊಳ್ಳಿ. ಕಲ್ಲು ದಂಡೆಯಾದರೆ ಉರುಳೆ ಹಾಕಿದ ಮರದ ಹಳಿ ಬೇಕಾಗುತ್ತದೆ. ಚಕ್ರವಿಲ್ಲದೆ ಮರಳಿನ ಮೇಲೆ ಎಳೆದಾಡಿದ ಹಳೆಯ ದೋಣಿಗಳ ತಳದ ಏಣು ಸವೆದು ಫೈಬರ್ ಎಳೆ ಕಾಣುತ್ತಿರುತ್ತದೆ. ಅಲ್ಲಿಗೆ ಎರಡು ಮೂರು ಪದರ ಫೈಬರ್ ಟೇಪ್ ಹಾಕಿಕೊಳ್ಳಿ.

ದಂಡೆಯಲ್ಲಿ ಇಟ್ಟರೆ ಮುಳುಗುವ ಭಯವಿಲ್ಲ, ಹಾರುವ ಭಯ ಇದೆ. ಇದನ್ನು ಬಹಳ ಜನ ನಂಬುವುದಿಲ್ಲ, ಆದ್ದರಿಂದ ಲೆಕ್ಕ ಹಾಕಿ ತೋರಿಸುತ್ತೇನೆ. ಟ್ರ್ಯಾಂಪೊಲಿನ್ ಸುಮಾರು 4 ಚದರ ಮೀಟರ್ ಅಂತಿಟ್ಟುಕೊಳ್ಳಿ. ಗಂಟೆಗೆ 72 ಕಿಲೋಮೀಟರ್ ವೇಗದ ಗಾಳಿ ತನಗೆ ನೇರ ಅಡ್ಡ ನಿಂತ ಪ್ರತಿ ಚದರ ಮೀಟರಿಗೆ ಹೆಚ್ಚುಕಮ್ಮಿ 25 ಕೆಜಿ ತೂಕದಷ್ಟು ಒತ್ತಡ ಹಾಕುತ್ತದೆ. ಒಂದು ಪಕ್ಕ ಸ್ವಲ್ಪ ಎದ್ದು ಟ್ರ್ಯಾಂಪೊಲಿನ್ ಗಾಳಿಗೆ ಮುಖ ಕೊಟ್ಟಿತು ಅಂದರೆ 100 ಕೆಜಿಯಷ್ಟು ನೂಕು. ಇಡೀ ದೋಣಿಯ ತೂಕವೇ 145 ಕೆಜಿ, ಮಗುಚಲು ಅದರ ಒಂದು ಪಕ್ಕ ಎತ್ತಿದರೆ ಸಾಕು. ಗಾಳಿಯ ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟಾಗುತ್ತದೆ ಅನ್ನುವುದನ್ನೂ ಸೇರಿಸಿಕೊಳ್ಳಿ. ಆದ್ದರಿಂದ ಎರಡು ಒಡಲಿಗೂ ಬೇರೆ ಬೇರೆ ಲಂಗರು, ಹಗ್ಗ ಬಿಗಿಯಾಗಿ. ಕಲ್ಲು ತುಂಬಿದ ಬಕೆಟ್, ಗಿಡದ ಕೊಂಬೆ ಇವೆಲ್ಲ ಸಾಲವು. ಜಾಸ್ತಿ ದಿನ ಊರಲ್ಲಿ ಇರುವುದಿಲ್ಲ ಅಂದರೆ ಹಾಯಿಕಂಬವನ್ನೂ ಇಳಿಸಿಬಿಡಿ.

ಜೆಟ್ಟಿ ಇದ್ದವರಿಗೆ ಅದರ ಪಕ್ಕಕ್ಕೆ ಕಟ್ಟುವುದೇ ಸುಲಭ ಅನ್ನಿಸುತ್ತದೆ. ಹತ್ತಿ ಇಳಿಯಲು ಅನುಕೂಲ ನಿಜ. ಮಧ್ಯಾಹ್ನ ಊಟದ ಹೊತ್ತಿಗೆ ಕಟ್ಟಿಟ್ಟು ಸಂಜೆ ಮತ್ತೆ ಹೊರಡುವುದಕ್ಕೆ ಇದು ಚೆನ್ನ. ರಾತ್ರಿಗೆ ಒಳ್ಳೆಯದಲ್ಲ. ಬೀಚ್ ಕ್ಯಾಟ್‌ನ ಒಡಲು ಕಿರಿದು, ನೀರಿನಿಂದ ಹೆಚ್ಚು ಮೇಲೆ ಇರುವುದಿಲ್ಲ. ಜೆಟ್ಟಿಗೂ ದೋಣಿಗೂ ನಡುವೆ ಉಜ್ಜದಿರಲೆಂದು ಇಳಿಬಿಟ್ಟ ಮೆತ್ತೆ, ಅಂದರೆ ಫೆಂಡರ್, ಒಂದೇ ಅಲೆಗೆ ಜಾರಿ ಮೇಲೆ ಬಂದುಬಿಡುತ್ತದೆ. ಆಮೇಲೆ ಮೋಟಾರ್ ದೋಣಿಯೊಂದು ಹಾದುಹೋದಾಗಲೆಲ್ಲ ಫೈಬರ್ ಮರಕ್ಕೆ ಉಜ್ಜುತ್ತದೆ. ಜೆಟ್ಟಿಯೇ ಗತಿ ಅಂದರೆ ದೋಣಿ ಅದಕ್ಕೆ ತಾಗದಂತೆ ಮಾಡಿ. ನೀರಿನಲ್ಲಿ ಸ್ವಲ್ಪ ದೂರ ಒಂದು ಲಂಗರು ಹಾಕಿ, ಅದರ ಬೋಯ್‌ಗೆ ಒಂದು ರಾಟೆ, ಜೆಟ್ಟಿಗೆ ಇನ್ನೊಂದು ರಾಟೆ, ಎರಡರ ನಡುವೆ ಸುತ್ತುವ ಹಗ್ಗ. ದೋಣಿಯನ್ನು ಆ ಹಗ್ಗಕ್ಕೆ ಕಟ್ಟಿ ಬಾವಿಯ ಕೊಡದ ಹಾಗೆ ಎಳೆದು ದೂರ ನಿಲ್ಲಿಸಬಹುದು, ಬೇಕಾದಾಗ ಹತ್ತಿರ ಎಳೆದುಕೊಳ್ಳಬಹುದು. ಶಾಂತವಾದ ಮೂಲೆಯ ನೀರಿಗೆ ಇದು ಒಳ್ಳೆಯ ಉಪಾಯ.

ಜೆಟ್ಟಿಯ ವಿಷಯದಲ್ಲಿ ಇನ್ನೊಂದು ಮಾತು, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಜೆಟ್ಟಿಗೆ ದೀಪ, ಪ್ಲಗ್ ಅಂತ ಕರೆಂಟ್ ಎಳೆದಿದ್ದರೆ ಆ ವೈರಿಂಗನ್ನು ಬಲ್ಲವರಿಂದ ಪರೀಕ್ಷೆ ಮಾಡಿಸಿ, ನೆಲಕ್ಕೆ ಸೋರುವ ಕರೆಂಟನ್ನು ಹಿಡಿದು ನಿಲ್ಲಿಸುವ ಬ್ರೇಕರ್ ಹಾಕಿಸಿ. ಸಿಹಿನೀರಿಗಿಂತ ನಮ್ಮ ಮೈ ಕರೆಂಟನ್ನು ಚೆನ್ನಾಗಿ ಹರಿಸುತ್ತದೆ. ಹಾಗಾಗಿ ಜೆಟ್ಟಿಯಿಂದ ನೀರಿಗೆ ಸೋರುವ ಅಲ್ಪ ಕರೆಂಟೂ ಈಜುವವರ ಕೈಕಾಲು ಕಟ್ಟಿಹಾಕಿ ಮುಳುಗಿಸಬಲ್ಲದು. ಉಪ್ಪುನೀರಿಗಿಂತ ಸರೋವರದಲ್ಲಿ ಈ ಅಪಾಯ ಜಾಸ್ತಿ.

ತೇಲುವ ಪ್ಲಾಸ್ಟಿಕ್ ಪೆಟ್ಟಿಗೆಗಳನ್ನು ಜೋಡಿಸಿದ ಪ್ಲಾಟ್‌ಫಾರ್ಮ್ ದಂಡೆಗೂ ನೀರಿಗೂ ನಡುವಿನ ದಾರಿ. ದಂಡೆ ಕಡಿದಾಗಿದ್ದು, ನೀರಿನ ಮಟ್ಟ ಏರಿಳಿಯುವ ಸರೋವರಕ್ಕೆ ಇದು ತುಂಬ ಹೊಂದುತ್ತದೆ. ನೀರು ಏರಿದರೆ ಪ್ಲಾಟ್‌ಫಾರ್ಮೂ ಏರುತ್ತದೆ, ದೋಣಿಯ ತಳ ಒಣಗಿಯೇ ಇರುತ್ತದೆ. ಎರಡು ಒಡಲಿಗೂ ಸರಿಯಾದ ಅಂತರದಲ್ಲಿ ಎರಡು ಸಾಲು ತಗ್ಗು ಅಥವಾ ಮೆತ್ತೆ ಹಾಕಿದ ಹಳಿ ಬೇಕು. ಚೂಪಾದ ತಳದ ಅಷ್ಟೂ ಭಾರ ಒಂದೇ ಬಿಂದುವಿನ ಮೇಲೆ ಬೀಳಬಾರದು. ಖರ್ಚು ಮಾತ್ರ ಎಲ್ಲಕ್ಕಿಂತ ಜಾಸ್ತಿ, ಕೆಲವೊಮ್ಮೆ ದೋಣಿಗಿಂತಲೂ ಜಾಸ್ತಿ. ಗಾಳಿಗೆ ದೋಣಿಯನ್ನು ಪ್ಲಾಟ್‌ಫಾರ್ಮಿಗೆ ಕಟ್ಟಬೇಕು, ಪ್ಲಾಟ್‌ಫಾರ್ಮನ್ನು ನೆಲಕ್ಕೆ ಕಟ್ಟಬೇಕು. ಎರಡನೆಯದನ್ನು ಮರೆಯುವವರೇ ಹೆಚ್ಚು.

ಬೋಯ್‌ಗೆ ಕಟ್ಟಲೇಬೇಕು ಅಂದರೆ

ಬೋಯ್‌ಗೆ ಕಟ್ಟಿದ ದೋಣಿ ನೋಡಲು ಚೆಂದ, ಅದರಲ್ಲಿ ಎರಡು ಮಾತಿಲ್ಲ. ದೊಡ್ಡ ಭಾರವಾದ ಕ್ಯಾಟಮರಾನ್‌ಗೆ, ದಂಡೆಗೆ ಎಳೆಯಲು ಆಗದವರಿಗೆ, ಬಂಡೆ ತುಂಬಿದ ದಡಕ್ಕೆ ಇದೇ ದಾರಿ. ಹಗುರ ಬೀಚ್ ಕ್ಯಾಟ್‌ಗೆ ಇದು ನನ್ನ ಕೊನೆಯ ಆಯ್ಕೆ. ಗಾಳಿ ಬಿರುಸಾದರೆ ಕಟ್ಟಿದಲ್ಲೇ ಮಗುಚಬಹುದು, ಹಾಯಿಕಂಬ ತಳದ ಕೆಸರಿಗೆ ಸಿಕ್ಕಿಕೊಳ್ಳಬಹುದು. ಮೊದಲು ಸರೋವರವನ್ನು ನೋಡಿಕೊಳ್ಳುವ ಇಲಾಖೆಯನ್ನೋ ಸಂಘವನ್ನೋ ಕೇಳಿ. ಬೋಯ್ ಹಾಕಲು ಅನುಮತಿ, ಅದರ ಬಣ್ಣ, ರಾತ್ರಿ ದೀಪ ಇವುಗಳ ನಿಯಮ ಒಂದೊಂದು ಕಡೆ ಒಂದೊಂದು ತರ ಇರುತ್ತದೆ.

ತಳಕ್ಕೆ ಏನು ಇಳಿಸಬೇಕು? ಸುಲಭವಾಗಿ ಸಿಗುವುದು ಕಾಂಕ್ರೀಟ್ ಗುಂಡು. ಆದರೆ ನೀರಿಗಿಳಿದ ಕೂಡಲೇ ಕಾಂಕ್ರೀಟಿನ ತೂಕ ಶೇಕಡಾ 40ಕ್ಕೂ ಮೀರಿ ಇಳಿಯುತ್ತದೆ. ದಂಡೆಯಲ್ಲಿ 100 ಕೆಜಿ ತೂಗಿದ್ದು ತಳದಲ್ಲಿ ಬರೀ 58 ಕೆಜಿ. ಕಬ್ಬಿಣವಾದರೆ 85 ಕೆಜಿಯ ಮೇಲೆಯೇ ಉಳಿಯುತ್ತದೆ. ಅಣಬೆ ಆಕಾರದ ಲಂಗರು ಕೆಸರು ತಳಕ್ಕೆ ಚೆನ್ನ. ನಿಧಾನವಾಗಿ ಹೂತುಕೊಂಡು ಗಟ್ಟಿಯಾಗುತ್ತದೆ, ಆದರೆ ಹೂತುಕೊಳ್ಳಲು ಸಮಯ ಬೇಕು, ಕಲ್ಲು ತಳದಲ್ಲಿ ಹೂತುಕೊಳ್ಳುವುದೇ ಇಲ್ಲ. ಎಲ್ಲಕ್ಕಿಂತ ಗಟ್ಟಿ ಹಿಡಿತ ಸಿಗುವುದು ತಳಕ್ಕೆ ತಿರುಪಿ ಇಳಿಸುವ ಸ್ಕ್ರೂ ಲಂಗರಿನಲ್ಲಿ. ಅದನ್ನು ಹಾಕಲು ಮುಳುಗುಗಾರರೋ ಯಂತ್ರವೋ ಬೇಕು. ಬಹುಕಾಲ ಒಂದೇ ಕಡೆ ಕಟ್ಟುವವರು ಆ ಖರ್ಚು ಮಾಡುವುದೇ ಲೇಸು.

ಸರಪಳಿ, ಹಗ್ಗ ಸೇರಿ ಉದ್ದ ನೀರಿನ ಆಳದ ಮೂರರಷ್ಟಾದರೂ ಇರಲಿ. ಆಳವನ್ನು ಸರೋವರ ತುಂಬಿದಾಗಿನ ಮಟ್ಟದಿಂದ ಲೆಕ್ಕ ಹಾಕಿ, ಬೇಸಿಗೆಯ ಮಟ್ಟದಿಂದ ಅಲ್ಲ. ಆಳ 4 ಮೀಟರ್, ಸರಪಳಿ ಹಗ್ಗ 12 ಮೀಟರ್ ಅಂದರೆ ದೋಣಿಯ ಮೂತಿ ಲಂಗರಿನಿಂದ 11 ಮೀಟರ್ ದೂರಕ್ಕೆ ಹೋಗಬಹುದು. ಅದಕ್ಕೆ ದೋಣಿಯ 5 ಮೀಟರ್ ಸೇರಿಸಿದರೆ 16 ಮೀಟರ್. ಗಾಳಿ ತಿರುಗಿದ ಹಾಗೆಲ್ಲ ದೋಣಿ 32 ಮೀಟರ್ ಅಗಲದ ವೃತ್ತದಲ್ಲಿ ಸುತ್ತುತ್ತದೆ. ಆ ವೃತ್ತದೊಳಗೆ ಪಕ್ಕದ ಮನೆಯ ಜೆಟ್ಟಿ, ಬಂಡೆ, ಈಜುವ ಜಾಗ ಯಾವುದೂ ಬರಬಾರದು. ಬಹಳ ಸರೋವರದ ಮನೆಗಳಲ್ಲಿ ಬೋಯ್ ಯೋಚನೆ ಬಿದ್ದುಹೋಗುವುದು ಈ ಅಳತೆ ಹಾಕಿದ ಮೇಲೇ.

ಕ್ಯಾಟಮರಾನ್‌ಗೆ ಒಂಟಿ ಹಗ್ಗ ಸಾಲದು. ಒಂದೇ ಒಡಲಿಗೆ ಕಟ್ಟಿದರೆ ದೋಣಿ ಓರೆಯಾಗಿ ನಿಂತು ಅತ್ತಿತ್ತ ಹೊಯ್ದಾಡುತ್ತದೆ. ಎರಡು ಮೂತಿಯಿಂದಲೂ ಒಂದೊಂದು ಹಗ್ಗ ಬಂದು ಮುಂದೆ ಒಂದು ಉಂಗುರದಲ್ಲಿ ಸೇರಬೇಕು. ಒಂದೊಂದು ಕಾಲೂ ದೋಣಿಯ ಅಗಲಕ್ಕಿಂತ ಕಡಿಮೆ ಇರಬಾರದು. ಹಗ್ಗ ಉಜ್ಜುವ ಕಡೆ ರಬ್ಬರ್ ಕೊಳವೆ ತೊಡಿಸಿ. ಬೋಯ್ ಕೆಳಗೆ ತಿರುಗುವ ಕೀಲು ಇರಲಿ, ಸರಪಳಿ ಜೋಡಿಸುವ ಕೊಂಡಿಗಳ (ಶ್ಯಾಕಲ್) ಪಿನ್ ತಾನಾಗಿ ಬಿಚ್ಚಿಕೊಳ್ಳದಂತೆ ತಂತಿ ಸುತ್ತಿ ಬಿಗಿಯಿರಿ. ಹಾಯಿ ಕೆಳಗೆ, ಚುಕ್ಕಾಣಿ ಮೇಲಕ್ಕೆ ಎತ್ತಿ ಕಟ್ಟಿ.

ಇಷ್ಟು ಮಾಡಿದ ಮೇಲೂ ಒಡಲಿನ ತಳದ ಕೆಲಸ ಉಳಿದಿರುತ್ತದೆ, ಬೋಯ್ ನಿಜಕ್ಕೂ ದುಬಾರಿಯಾಗುವುದು ಇಲ್ಲಿ. ಬರೀ ಜೆಲ್‌ಕೋಟ್ (ಫೈಬರ್ ಮೇಲಿನ ಹೊಳಪಿನ ಹೊರಲೇಪ) ತಿಂಗಳುಗಟ್ಟಲೆ ನೀರಿನಲ್ಲಿದ್ದರೆ ನೀರು ಒಳಗೆ ಇಳಿದು ಗುಳ್ಳೆ ಏಳುತ್ತದೆ. ದಂಡೆಯ ದೋಣಿಗೆ ಹೊಳಪು ಕೊಡುವ ಎರಡು ಭಾಗದ ಪಾಲಿಯುರಿಥೇನ್ ಪೇಂಟ್ ಕೂಡ ನೀರಿನೊಳಗೆ ಸದಾ ಇರಲು ಮಾಡಿದ್ದಲ್ಲ. ಎಪಾಕ್ಸಿಯ ತಡೆಪದರ ಹಲವು ಕೋಟು, ಅದರ ಮೇಲೆ ಪಾಚಿ ಹಿಡಿಯದ ಪೇಂಟ್ ಬೇಕು. ತಾಮ್ರ ಇರುವ ಪೇಂಟಿಗೆ ಕೆಲವು ಸರೋವರಗಳಲ್ಲಿ ನಿರ್ಬಂಧ ಇದೆ, ಅಲ್ಯುಮಿನಿಯಂ ಭಾಗಗಳಿಗಂತೂ ಅದು ತಾಗಲೇಬಾರದು. ದಂಡೆಯಲ್ಲಿಡುವ ದೋಣಿಗೆ ಈ ಯಾವುದೂ ಬೇಡ. ಜೆಲ್‌ಕೋಟ್ ಚೆನ್ನಾಗಿದ್ದರೆ ಉಜ್ಜಿ ಪಾಲಿಶ್ ಮಾಡಿ. ಎಪಾಕ್ಸಿ ತೇಪೆ ಹಾಕಿದ್ದರೆ ಅದರ ಮೇಲೆ ಪೇಂಟ್ ಹೊಡೆಯಿರಿ. ಎಪಾಕ್ಸಿಯ ಮೇಲೆ ಜೆಲ್‌ಕೋಟ್ ಸರಿಯಾಗಿ ಹಿಡಿಯುವುದಿಲ್ಲ. ಎಪಾಕ್ಸಿಯನ್ನು ಹಾಗೇ ಬಿಟ್ಟರೆ ಬಿಸಿಲು ಅದನ್ನು ತಿನ್ನುತ್ತದೆ.

ಮೇಲಿನ ಸಾಮಾನು

ಇದರಲ್ಲಿ ಹೋಲಿಕೆ ಮಾಡುವಂಥದ್ದು ಕಡಿಮೆ. ಹಾಯಿಕಂಬವನ್ನು ಹಿಡಿದಿರುವ ಸ್ಟೀಲ್ ತಂತಿಗಳ ವಯಸ್ಸು ಗೊತ್ತಿಲ್ಲ ಅಂದರೆ ಎಲ್ಲವನ್ನೂ ಬದಲಿಸಿ, ಯೋಚನೆ ಬೇಡ. ತಂತಿಯ ಉದ್ದಕ್ಕೂ ಬಟ್ಟೆ ಎಳೆದಾಗ ಸಿಕ್ಕಿಕೊಂಡರೆ ಅಲ್ಲೊಂದು ಎಳೆ ಮುರಿದಿದೆ. ಪ್ಲಾಸ್ಟಿಕ್ ಹೊದಿಕೆ ಇರುವ ಹಳೆಯ ತಂತಿಗಳಲ್ಲಿ ತುಕ್ಕು ಕಣ್ಣಿಗೆ ಕಾಣುವುದೂ ಇಲ್ಲ. ಒಂದು ತಂತಿ ಹೋದರೆ 8 ಮೀಟರ್ ಉದ್ದದ ಕಂಬ ಕೂತವರ ಮೇಲೆ ಬೀಳುತ್ತದೆ.

ಆ 8 ಮೀಟರ್ ಬಗ್ಗೆಯೇ ಇನ್ನೊಂದು ಎಚ್ಚರಿಕೆ. ಮನೆಯಿಂದ ನೀರಿಗೆ ಹೋಗುವ ದಾರಿಯಲ್ಲಿ, ಕಂಬ ಎತ್ತುವ ಜಾಗದಲ್ಲಿ ಮೇಲೆ ವಿದ್ಯುತ್ ತಂತಿ ಇದೆಯಾ ನೋಡಿ. ಅಲ್ಯುಮಿನಿಯಂ ಕಂಬ ತಂತಿಗೆ ತಾಗಿ ಜನ ಸತ್ತಿದ್ದಾರೆ. ಹೋಬಿಯವರು ಆಮೇಲೆ ಕಂಬದ ಮೇಲ್ತುದಿಯನ್ನು ಕರೆಂಟ್ ಹರಿಯದ ವಸ್ತುವಿನಲ್ಲಿ ಮಾಡಲು ಶುರು ಮಾಡಿದ್ದು ಇದೇ ಕಾರಣಕ್ಕೆ. ಹಳೆಯ ದೋಣಿಯಲ್ಲಿ ಪೂರ್ತಿ ಅಲ್ಯುಮಿನಿಯಂ ಕಂಬವೇ ಇರಬಹುದು.

ಟ್ರ್ಯಾಂಪೊಲಿನ್ ಬದಲಿಸುವುದಾದರೆ ಜಾಲರಿ ಬಟ್ಟೆ ತೆಗೆದುಕೊಳ್ಳಿ. ನೀರು ನಿಲ್ಲುವುದಿಲ್ಲ, ಗಾಳಿಯೂ ಸ್ವಲ್ಪ ಹಾದುಹೋಗುತ್ತದೆ. ಬಟ್ಟೆಗಿಂತ ಮೊದಲು ಹೊಲಿಗೆಯ ದಾರ ಸಾಯುತ್ತದೆ. ಹಳೆಯದರ ಹೊಲಿಗೆಯನ್ನು ಉಗುರಿನಿಂದ ಕೆರೆದಾಗ ದಾರ ಪುಡಿಯಾದರೆ ಅದರ ಮೇಲೆ ಯಾರೂ ನಿಲ್ಲಬಾರದು. ಹಾಯಿಗೂ ಇದೇ ಪರೀಕ್ಷೆ. ಹಾಯಿಯ ಡೇಕ್ರಾನ್ (ಪಾಲಿಯೆಸ್ಟರ್) ಬಟ್ಟೆ ಮೆತ್ತಗಾಗಿದ್ದರೂ ಗಾಳಿಯ ಆಟಕ್ಕೆ ಸಾಕು, ಸುಮ್ನೆ ಹೊಸ ಹಾಯಿಗೆ ಆತುರ ಬೇಡ. ಮೊದಲ ವರ್ಷ ಹಳೆಯ ಹಾಯಿಯಲ್ಲೇ ಓಡಿಸಿ, ಉಳಿದ ದುಡ್ಡನ್ನು ತಂತಿಗೂ ಲಂಗರಿಗೂ ಹಾಕಿ.

ಬಿಸಿಲಿನಲ್ಲಿ ನಿಲ್ಲಿಸಿದಾಗ ಎರಡೂ ಬಿರಡೆ ತೆಗೆದಿಡಿ. ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿ ಸೇರುವೆಗಳನ್ನು ತಳ್ಳದಿರಲಿ. ಚಳಿಗೆ ಹೆಪ್ಪುಗಟ್ಟುವ ಸರೋವರವಾದರೆ ಒಡಲಿನಲ್ಲಿ ಒಂದು ಹನಿ ನೀರೂ ಉಳಿಯದಂತೆ ಬಸಿದು, ಮೂತಿ ಎತ್ತರಿಸಿ ಇಡಿ.

ರಿಪೇರಿ ಮುಗಿದ ಮೇಲೆ ಮೊದಲ ದಿನವೇ ದೂರ ಹೋಗಬೇಡಿ. ದೋಣಿಯನ್ನು ದಂಡೆಯ ಹತ್ತಿರದ ನೀರಿನಲ್ಲಿ ಎರಡು ಗಂಟೆ ಸುಮ್ಮನೆ ತೇಲಲು ಬಿಡಿ. ಆಮೇಲೆ ಮೇಲೆಳೆದು, ಮೂತಿ ಎತ್ತಿ, ಹಿಂದಿನ ಬಿರಡೆ ತೆಗೆಯಿರಿ. ಒಂದು ಲೋಟದಷ್ಟು ನೀರು ಬಂದರೆ ದಂಡೆಯಲ್ಲಿ ಇಡುವ ದೋಣಿಗೆ ಪರವಾಗಿಲ್ಲ, ಮಾರನೇ ದಿನ ಹಾಯಿ ಏರಿಸಿ. ಬೋಯ್‌ಗೆ ಕಟ್ಟುವ ದೋಣಿಯಾದರೆ ಆ ಲೋಟವೂ ಜಾಸ್ತಿಯೇ. ಮತ್ತೆ ಸೋಪು ನೀರು ಕಲಸಿಕೊಳ್ಳಿ.